ಎರಡನೇ ಸಲ ಹೊರಗೆ ಬಂದ ಅಪ್ಪ

ನನ್ನ ಬಳಿ ಆಪ್ತಸಲಹೆಗೆ ಬಂದಿದ್ದ ಒಬ್ಬರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ವಯಸ್ಸು, ಕೆಲಸ, ಸಭೆಯ (ಅವರ ಚರ್ಚಿನ) ಗುರುತು ಎಲ್ಲವನ್ನೂ ಬದಲಾಯಿಸಿದ್ದೇನೆ. ಬದಲಾಯಿಸದೆ ಉಳಿಸಿದ್ದು ಅವರ ಸಿಟ್ಟನ್ನು ಮಾತ್ರ. ಅವರನ್ನು ಇಲ್ಲಿ ಅಕ್ಕ ಎಂದು ಕರೆಯುತ್ತೇನೆ.

ಮೊದಲ ದಿನ ಅಕ್ಕ ಕುರ್ಚಿಯ ತುದಿಯಲ್ಲಿ ಕೂತರು. ಬ್ಯಾಗನ್ನು ಮಡಿಲಿನಿಂದ ಕೆಳಗಿಡಲೇ ಇಲ್ಲ.

"ಮೇಡಂ, ನನ್ನ ನಂಬಿಕೆ ಸತ್ತುಹೋಗಿದೆ. ಒಬ್ಬರನ್ನ ಕ್ಷಮಿಸೋಕೆ ಆಗ್ತಿಲ್ಲ. ಐದು ತಿಂಗಳಿಂದ ಪ್ರಭು ಭೋಜನ ತಗೊಂಡಿಲ್ಲ."

ಪ್ರಭು ಭೋಜನ ಅಂದರೆ ಯೇಸುವಿನ ನೆನಪಿಗೆ ಸಭೆಯವರು ಒಟ್ಟಾಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಆರಾಧನೆ. ವಿಷಯ ಇಷ್ಟು. ಅಕ್ಕ ಹದಿನಾರು ವರ್ಷದಿಂದ ತಮ್ಮ ಸಭೆಯಲ್ಲಿ ಆರಾಧನೆ ಮುಗಿದ ಮೇಲೆ ಕಾಣಿಕೆ ಎಣಿಸುತ್ತಿದ್ದರು. ಎಣಿಸಿ, ಚೀಟಿ ಬರೆದು, ಸಹಿ ಹಾಕಿ ಖಜಾಂಚಿಗೆ ಕೊಡುವುದು. ಒಂದು ವರ್ಷ ಲೆಕ್ಕ ತಾಳೆಯಾಗಲಿಲ್ಲ. ಖಜಾಂಚಿ ಹಣ ತೆಗೆದಿದ್ದರು. ಕೊನೆಗೆ ಅವರೇ ಸಭೆಯ ಮುಂದೆ ನಿಂತು ಅತ್ತು ಒಪ್ಪಿಕೊಂಡರು, ಹಣವನ್ನೂ ವಾಪಸ್ ಕಟ್ಟಿದರು. ಪಾಸ್ಟರ್ ಅವರನ್ನು ತಬ್ಬಿಕೊಂಡರು. ಜನ ಕಣ್ಣೊರೆಸಿಕೊಂಡರು, ಹಾಡಿದರು. "ದೇವರ ಕೃಪೆಯನ್ನು ಕಣ್ಣಾರೆ ಕಂಡೆವು" ಅಂತ ತಿಂಗಳುಗಟ್ಟಲೆ ಅದೇ ಮಾತು. ಅಕ್ಕ ಮಾತ್ರ ಮೂರನೇ ಸಾಲಿನಲ್ಲಿ ಕಲ್ಲಿನಂತೆ ಕೂತಿದ್ದರು.

ಇಲ್ಲಿ ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ಬೈಬಲಿನಲ್ಲಿ, ಕೊರಿಂಥ ಊರಿನ ಸಭೆಯವರಿಗೆ ಬರೆದ ಎರಡನೇ ಪತ್ರದಲ್ಲಿ, ಅಪೊಸ್ತಲ ಪೌಲ ಒಂದು ಮಾತು ಹೇಳುತ್ತಾನೆ. ತಪ್ಪು ಮಾಡಿ ಶಿಕ್ಷೆ ಅನುಭವಿಸಿದವನನ್ನು ಇನ್ನು ಕ್ಷಮಿಸಿ ಸಂತೈಸಿರಿ, ಇಲ್ಲದಿದ್ದರೆ ಅವನು ದುಃಖದಲ್ಲಿ ಮುಳುಗಿಹೋದಾನು ಅಂತ. ನಾನು ಮೊದಲ ಭೇಟಿಯಲ್ಲೇ ಅದನ್ನು ನೆನಪಿಸಿದೆ. ಅಕ್ಕ ತಲೆಯಾಡಿಸಿ, ಡೈರಿ ತೆಗೆದು ಅಧ್ಯಾಯ, ವಚನ ಬರೆದುಕೊಂಡರು. ತುಂಬಾ ವಿಧೇಯರಾಗಿ. ಆ ವಿಧೇಯತೆ ನೋಡಿದಾಗಲೇ ನನಗೆ ಗೊತ್ತಾಗಬೇಕಿತ್ತು. ಅವರು ನನ್ನ ಬಳಿ ಬಂದಿದ್ದು ಇಂಥ ಹನ್ನೆರಡು ವಚನ ಕೇಳಿದ ಮೇಲೆ. ನಾನು ಕೊಟ್ಟಿದ್ದು ಹದಿಮೂರನೆಯದು. ಮುಂದಿನ ವಾರ ಅವರು ಬರಲಿಲ್ಲ.

ಅದರ ಮುಂದಿನ ವಾರ ಬಂದರು. ಆಗ ನಾನು ವಚನದ ಸುದ್ದಿ ಎತ್ತದೆ ನಿದ್ದೆ ಬಗ್ಗೆ ಕೇಳಿದೆ. ರಾತ್ರಿ ಮೂರಕ್ಕೆ ಎಚ್ಚರವಾಗುತ್ತೆ, ಆಮೇಲೆ ತಲೆಯಲ್ಲಿ ಲೆಕ್ಕ ಶುರು ಅಂದರು. ಊಟ ಸೇರುತ್ತಿರಲಿಲ್ಲ. ಬದುಕು ಸಾಕು ಅನಿಸುತ್ತಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಅಂದರು, ಆದರೆ ಸಭೆ ಸಾಕು ಅನಿಸುತ್ತೆ ಅಂದರು. ನಿದ್ದೆಗೆ ವೈದ್ಯರನ್ನು ಕಾಣಲು ಹೇಳಿದೆ. ಐದು ತಿಂಗಳು ನಿದ್ದೆಗೆಟ್ಟವರಿಗೆ ಪ್ರಾರ್ಥನೆಯೂ ಭಾರವಾಗುತ್ತದೆ, ಅದನ್ನು ನಂಬಿಕೆ ಸತ್ತಿದೆ ಎಂದು ಓದಬಾರದು.

ಮೂರನೇ ಭೇಟಿಯಲ್ಲಿ ಅಕ್ಕ ಬ್ಯಾಗಿನಿಂದ ಒಂದು ಕವರ್ ತೆಗೆದರು. ಒಳಗೆ ಎಣಿಕೆ ಚೀಟಿಗಳ ಜೆರಾಕ್ಸ್. ಎರಡನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

"ನೋಡಿ ಮೇಡಂ. ಇದು ನನ್ನ ಸಹಿ. ಕೆಳಗೆ ಎರಡು ಚುಕ್ಕೆ ಇಡೋದು ನನ್ನ ಅಭ್ಯಾಸ, ನಮ್ಮಪ್ಪ ಹಾಗೇ ಹಾಕ್ತಿದ್ರು. ಇದರಲ್ಲಿ ಚುಕ್ಕೆ ಇಲ್ಲ."

ಖಜಾಂಚಿ ಅಕ್ಕನ ಚೀಟಿ ಹರಿದು, ಕಡಿಮೆ ಮೊತ್ತದ ಚೀಟಿ ಬರೆದು, ಅಕ್ಕನ ಸಹಿಯನ್ನು ತಾವೇ ಹಾಕಿದ್ದರು. (ಈ ಚುಕ್ಕೆಯ ವಿವರವನ್ನೂ ಗುರುತು ಸಿಗದಂತೆ ಬದಲಾಯಿಸಿದ್ದೇನೆ, ಆದರೆ ಇಂಥದ್ದೇ ಒಂದು ಸಣ್ಣ ಗುರುತು ಇತ್ತು.) ಲೆಕ್ಕ ತಪ್ಪಿದಾಗ ಎಲ್ಲ ಚೀಟಿಯಲ್ಲೂ ಇದ್ದದ್ದು ಅಕ್ಕನ ಹೆಸರು. ಖಜಾಂಚಿ ಬಾಯಿಬಿಡುವ ತನಕ, ಹನ್ನೊಂದು ವಾರ, ಸಭೆ ಅನುಮಾನಪಟ್ಟಿದ್ದು ಅಕ್ಕನನ್ನು. ಯಾರೂ ಬಾಯಿಬಿಟ್ಟು ಕಳ್ಳಿ ಅನ್ನಲಿಲ್ಲ. "ಸ್ವಲ್ಪ ದಿನ ರೆಸ್ಟ್ ತಗೊಳ್ಳಿ" ಅಂದರು. ಅವರು ಹತ್ತಿರ ಬಂದಾಗ ಮಾತು ನಿಲ್ಲುತ್ತಿತ್ತು. ಅವರ ಬೆಂಚಿನಲ್ಲಿ ಜಾಗ ಜಾಸ್ತಿಯಾಯಿತು.

ಆಮೇಲೆ ನಿಜ ಹೊರಬಂತು. ಕದ್ದವರನ್ನು ತಬ್ಬಿಕೊಂಡರು. ಅನುಮಾನಕ್ಕೆ ಗುರಿಯಾದವರಿಗೆ? ಯಾರೂ ಏನೂ ಹೇಳಲಿಲ್ಲ. ಮರುವಾರ ಪಾಸ್ಟರ್ ಲೂಕನ ಸುವಾರ್ತೆಯ 15ನೇ ಅಧ್ಯಾಯದ ಮೇಲೆ ಪ್ರಸಂಗ ಮಾಡಿದರು. ಆಸ್ತಿಯ ಪಾಲು ಹಾಳುಮಾಡಿ ವಾಪಸ್ ಬಂದ ಕಿರಿಯ ಮಗನಿಗೆ ಅಪ್ಪ ಔತಣ ಮಾಡಿಸಿದಾಗ, ಮನೆಯಲ್ಲೇ ದುಡಿದ ಹಿರಿಯ ಮಗ ಸಿಟ್ಟಾಗುವ, ಯೇಸು ಹೇಳಿದ ಕಥೆ ಅದು. ತಪ್ಪಿಹೋಗಿದ್ದ ಮಗ ಮನೆಗೆ ಬಂದ, ನಾವು ಹಿರಿಯ ಮಗನ ಹಾಗೆ ಮುನಿಸಿಕೊಂಡು ಹೊರಗೆ ನಿಲ್ಲುವುದು ಬೇಡ ಅಂದರಂತೆ. ಆಗ ಎರಡು ಮೂರು ತಲೆಗಳು ತಮ್ಮ ಕಡೆ ತಿರುಗಿದವು ಎನ್ನುವುದು ಅಕ್ಕನ ನೆನಪು.

ಕವರ್ ಮಡಚುತ್ತಾ ಕೇಳಿದರು, "ನಂಗೆ ಯಾರ ಮೇಲೆ ಸಿಟ್ಟು ಅಂತಾನೇ ಈಗ ಗೊತ್ತಾಗ್ತಿಲ್ಲ, ಅಲ್ವಾ?"

ಅದೇ ನಿಜವಾದ ಪ್ರಶ್ನೆ. ಖಜಾಂಚಿಯ ಹೆಸರಿನಲ್ಲಿ ಹೊತ್ತು ತಿರುಗುತ್ತಿದ್ದ ಸಿಟ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸಭೆಯ ಮೇಲಿನದು. ಆದರೆ ಸಭೆಯ ಮೇಲೆ ಸಿಟ್ಟಾಗಲು ಅವರಿಗೆ ಭಯ. ಸಭೆಯ ಮೇಲೆ ಸಿಟ್ಟಾದರೆ ದೇವರ ಮೇಲೆ ಸಿಟ್ಟಾದ ಹಾಗೆ ಎಂದು ಅವರು ತಿಳಿದಿದ್ದರು. ಸಭೆಯ ಮಡಿಲಲ್ಲೇ ಬೆಳೆದ ಎಷ್ಟೋ ಜನರಲ್ಲಿ ಇದನ್ನು ಕಂಡಿದ್ದೇನೆ.

ಆಮೇಲಿನ ಕೆಲವು ಭೇಟಿಗಳಲ್ಲಿ ನಾವು ಮಾಡಿದ್ದು, ಅವರ ಮೇಲೆ ಎಸೆದಿದ್ದ ವಚನಗಳನ್ನು ಒಂದೊಂದಾಗಿ ಎತ್ತಿ ಮೆಲ್ಲಗೆ ಓದಿದ್ದು. ನಾನು ದೇವಶಾಸ್ತ್ರ ಕಲಿತವಳಲ್ಲ. ಆದರೆ ಓದಲು ಬರುತ್ತದೆ.

ಒಬ್ಬ ಹಿರಿಯರು ಮತ್ತಾಯ 5ನೇ ಅಧ್ಯಾಯ ಹೇಳಿದ್ದರಂತೆ. ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು, ಮೊದಲು ಹೋಗಿ ಸಹೋದರನ ಜೊತೆ ರಾಜಿಯಾಗು. ಅಕ್ಕ ಹೋಗಲಿಲ್ಲ, ಅದಕ್ಕೇ ಪ್ರಭು ಭೋಜನ ಬಿಟ್ಟರು. ಓದಿದೆವು. ಅಲ್ಲಿ ಬರೆದಿರುವುದು, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಾದರೆ ಅಂತ. ಎದ್ದು ಹೋಗಬೇಕಾದವನು ನೋಯಿಸಿದವನು! ಅಕ್ಕ ಮೂರು ಸಲ ಓದಿದರು. "ಇಷ್ಟು ವರ್ಷ ತಿರುವುಮುರುವಾಗಿ ಓದ್ತಿದ್ದೆನಲ್ಲಾ" ಅಂದರು. ಆಮೇಲೆ ಅವರೇ ಮಾರ್ಕನ 11ನೇ ಅಧ್ಯಾಯ ತೆಗೆದರು. ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ಏನಾದರೂ ಇದ್ದರೆ ಕ್ಷಮಿಸಿರಿ ಅಂತ ಅಲ್ಲಿದೆ. "ಇದರಿಂದ ತಪ್ಪಿಸ್ಕೊಳ್ಳೋಕೆ ಆಗಲ್ಲ ಮೇಡಂ." ಹೌದು, ಆಗಲ್ಲ. ನಾನೂ ಆ ವಚನವನ್ನು ಸಣ್ಣದು ಮಾಡಲು ಹೋಗಲಿಲ್ಲ.

ಹಳೆಯ ಒಡಂಬಡಿಕೆಯ ಯಾಜಕಕಾಂಡ 6ನೇ ಅಧ್ಯಾಯವೂ ಬಂತು. ಮೋಸದಿಂದ ತೆಗೆದುಕೊಂಡವನು ಅಸಲಿಗೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು, ಅದೂ ಯಾರದ್ದೋ ಅವರಿಗೇ. ಲೂಕನ ಸುವಾರ್ತೆಯಲ್ಲಿ ಬರುವ ಸುಂಕದವನಾದ ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಎನ್ನುತ್ತಾನೆ. ಖಜಾಂಚಿ ಸಭೆಯ ಹಣ ವಾಪಸ್ ಕಟ್ಟಿದರು, ಸರಿ. ಆದರೆ ಅಕ್ಕನಿಂದ ತೆಗೆದುಕೊಂಡಿದ್ದು ಹಣವಲ್ಲ, ಹೆಸರು. ಅದನ್ನು ಯಾರೂ ವಾಪಸ್ ಕಟ್ಟಿರಲಿಲ್ಲ.

ಕೊನೆಗೆ ಲೂಕ 15. ಅಕ್ಕನಿಗೆ ಆ ಕಥೆ ಕೇಳಿದರೆ ಮೈ ಉರಿಯುತ್ತಿತ್ತು. ಓದೋಣ ಅಂದೆ. ಕಿರಿಯ ಮಗ ಇನ್ನೂ ದೂರದಲ್ಲಿದ್ದಾಗಲೇ ಅಪ್ಪ ಓಡಿಹೋಗುತ್ತಾನೆ, ಅದು ಎಲ್ಲರಿಗೂ ಗೊತ್ತು. ಹಿರಿಯವನು ಸಿಟ್ಟಿನಿಂದ ಒಳಗೆ ಹೋಗಲೊಲ್ಲದೆ ನಿಂತಾಗ? ಅಪ್ಪ ಮತ್ತೊಮ್ಮೆ ಹೊರಗೆ ಬರುತ್ತಾನೆ. ಔತಣ ನಡೆಯುತ್ತಿರುವಾಗಲೇ, ನೆಂಟರಿಷ್ಟರನ್ನೆಲ್ಲ ಒಳಗೆ ಬಿಟ್ಟು. ಮಗ ಎದುರು ಮಾತಾಡುತ್ತಾನೆ, ಇಷ್ಟು ವರ್ಷ ದುಡಿದೆ, ಒಂದು ಆಡಿನ ಮರಿಯನ್ನಾದರೂ ಕೊಟ್ಟೆಯಾ ಎಂದು. ಅಪ್ಪ ಗದರುವುದಿಲ್ಲ. ಮಗನೇ ಎಂದೇ ಕರೆಯುತ್ತಾನೆ.

"ನಿಮ್ಮ ಹತ್ರ ಯಾರು ಹೊರಗೆ ಬಂದ್ರು?" ಎಂದು ಕೇಳಿದೆ.

ಅಕ್ಕ ಮೊದಲ ಸಲ ಅತ್ತರು. ತುಂಬಾ ಹೊತ್ತು ಅತ್ತರು. ನಾನು ನೀರಿನ ಲೋಟ ಹತ್ತಿರ ಸರಿಸಿ ಸುಮ್ಮನೆ ಕೂತೆ.

ಕೃಪೆಯ ಬಗ್ಗೆ ಮಾತಾಡುವ ಸಭೆಗಳಲ್ಲಿ ಈ ಎಡವಟ್ಟು ಮತ್ತೆ ಮತ್ತೆ ಆಗುತ್ತದೆ. ಬಿದ್ದವರನ್ನು ಎತ್ತಲು ಎಲ್ಲರೂ ಓಡುತ್ತಾರೆ, ಅದು ಒಳ್ಳೆಯದೇ. ಬಿದ್ದವರು ಯಾರ ಮೇಲೆ ಬಿದ್ದರು ಎಂದು ತಿರುಗಿ ನೋಡುವವರು ಕಡಿಮೆ. ಆಮೇಲೆ ಅಡಿಯಲ್ಲಿ ಸಿಕ್ಕವರಿಗೆ "ನಿಮಗೆ ಕೃಪೆ ಸಾಲದು" ಅನ್ನುತ್ತಾರೆ. ಕೃಪೆ ಎಂದರೆ ಕೇಳದೆ ಸಿಗುವುದು. ಇನ್ನೊಬ್ಬರಿಂದ ವಸೂಲಿ ಮಾಡಲು ಹೊರಟರೆ ಅದು ಸಾಲವಾಗುತ್ತದೆ.

ಸಲಹೆ ಅಂತ ನಾನು ಹೇಳಿದ್ದು ಇವು.

ಮೊದಲನೆಯದಾಗಿ, ಒಂದು ತಿಂಗಳು ಕ್ಷಮಿಸುವ ಪ್ರಯತ್ನವನ್ನೇ ನಿಲ್ಲಿಸಿ ಅಂದೆ. ಅಕ್ಕ ಗಾಬರಿಯಾದರು. ಎವರೆಟ್ ವರ್ದಿಂಗ್ಟನ್ ಎಂಬ ಮನಶ್ಶಾಸ್ತ್ರಜ್ಞರು ಕ್ಷಮೆಯಲ್ಲಿ ಎರಡು ಬಗೆ ಗುರುತಿಸುತ್ತಾರೆ. ಸೇಡು ತೀರಿಸಿಕೊಳ್ಳುವುದಿಲ್ಲ ಎಂಬ ನಿರ್ಧಾರ ಒಂದು, ಒಳಗಿನ ಕಹಿ ಕರಗುವುದು ಇನ್ನೊಂದು. ಅಕ್ಕ ಪೊಲೀಸರ ಬಳಿ ಹೋಗಿರಲಿಲ್ಲ, ಖಜಾಂಚಿಯ ಬಗ್ಗೆ ಹೊರಗೆ ಒಂದು ಮಾತೂ ಆಡಿರಲಿಲ್ಲ. ಮೊದಲನೆಯದು ಆಗಲೇ ಆಗಿತ್ತು. ಎರಡನೆಯದು ಅಪ್ಪಣೆ ಕೊಟ್ಟರೆ ಬರುವಂಥದ್ದಲ್ಲ. ಆ ತಿಂಗಳು ಬೆಳಗ್ಗೆ ಬೈಬಲಿನ 13ನೇ ಕೀರ್ತನೆ ಓದಿ, ಇದ್ದದ್ದನ್ನು ಇದ್ದ ಹಾಗೆ ದೇವರಿಗೆ ಹೇಳಿ ಅಂದೆ. ಆರೇ ವಚನದ ಕೀರ್ತನೆ ಅದು. ಶುರುವಿನಲ್ಲೇ ನಾಲ್ಕು ಸಲ ಇನ್ನೆಷ್ಟು ಕಾಲ ಎಂದು ಕೇಳುತ್ತದೆ. ಹಾಗೆ ಕೇಳಿದವನನ್ನು ನಂಬಿಕೆಯಿಲ್ಲದವನು ಎಂದು ಯಾರೂ ಅನ್ನಲಿಲ್ಲ, ಅವನ ಮಾತನ್ನು ಆರಾಧನೆಯಲ್ಲಿ ಹಾಡುತ್ತಾ ಬಂದಿದ್ದಾರೆ.

ಎರಡನೆಯದು, ಪಾಸ್ಟರ್ ಹತ್ತಿರ ಹೋಗಿ ಒಂದೇ ಒಂದು ಕೋರಿಕೆ ಇಡುವುದು. ಖಜಾಂಚಿಗೆ ಏನು ಮಾಡಬೇಕು ಅನ್ನುವ ಚರ್ಚೆಯೇ ಬೇಡ. "ಆ ಸಹಿ ನನ್ನದಲ್ಲ, ನಾನು ಎಣಿಸಿದ ಲೆಕ್ಕ ಸರಿಯಿತ್ತು. ಇದನ್ನ ಸಭೆಯ ಮುಂದೆ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ." ಅಷ್ಟೇ. ಈ ಎರಡು ವಾಕ್ಯವನ್ನು ನನ್ನೆದುರು ನಾಲ್ಕು ಸಲ ಹೇಳಿಸಿದೆ. ಮೊದಲ ಮೂರು ಸಲವೂ "ತಪ್ಪು ತಿಳ್ಕೋಬೇಡಿ ಅಯ್ಯನವರೇ" ಎಂದು ಶುರುವಾಯಿತು. ಅದನ್ನು ತೆಗೆಯಲು ಹೇಳಿದೆ.

ಎಣಿಕೆ ಕೆಲಸಕ್ಕೆ ವಾಪಸ್ ಹೋಗಬೇಕಾ ಎಂದು ಕೇಳಿದರು. ಮನಸ್ಸಿಲ್ಲದಿದ್ದರೆ ಬೇಡ. ಖಜಾಂಚಿಯ ಜೊತೆ ಒಂದೇ ಸಮಿತಿಯಲ್ಲಿ ಕೂರದಿರುವುದು ಕ್ಷಮಿಸದಿರುವುದಲ್ಲ. ಕ್ಷಮೆ ಬೇರೆ, ವಿಶ್ವಾಸ ಬೇರೆ, ಹುದ್ದೆ ಇನ್ನೂ ಬೇರೆ. ಯೆರೂಸಲೇಮಿಗೆ ಕಾಣಿಕೆ ಕೂಡಿಸುವಾಗ ಪೌಲ ಕೂಡ ತನ್ನ ಜೊತೆಗಾರ ತೀತನ ಜೊತೆ ಇನ್ನಿಬ್ಬರನ್ನು ಕಳಿಸುತ್ತಾನೆ, ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದು ಎಂದು ಕಾರಣವನ್ನೂ ಬರೆಯುತ್ತಾನೆ. ಎಣಿಸುವಾಗ ಇಬ್ಬರು ಇರಲಿ, ಚೀಟಿಗೆ ಇಬ್ಬರ ಸಹಿ ಬೀಳಲಿ, ಒಂದು ಪ್ರತಿ ಎಣಿಸಿದವರ ಬಳಿ ಉಳಿಯಲಿ ಎಂದು ಅಕ್ಕ ಬರೆದುಕೊಟ್ಟರು. ಅದು ನನ್ನ ಸಲಹೆಯಲ್ಲ, ಅವರದೇ.

ಪ್ರಭು ಭೋಜನದ ಬಗ್ಗೆ ತೀರ್ಪು ಕೊಡುವುದು ನನ್ನ ಕೆಲಸವಲ್ಲ, ಪಾಸ್ಟರನ್ನು ಕೇಳಿ ಅಂದೆ. ಜೊತೆಗೆ, ಪೌಲ ಹೇಳಿದ್ದು ತನ್ನನ್ನು ತಾನು ಪರೀಕ್ಷಿಸಿಕೊಂಡು ತಿನ್ನಲಿ ಅಂತ, ಪರೀಕ್ಷಿಸಿಕೊಂಡು ದೂರ ಇರಲಿ ಅಂತಲ್ಲ, ಅನ್ನುವುದನ್ನೂ ತೋರಿಸಿದೆ.

ಪಾಸ್ಟರ್ ಮೊದಲು ಒಪ್ಪಲಿಲ್ಲ. ಮಾಯುತ್ತಿರುವ ಗಾಯ ಯಾಕೆ ಕೆರೆಯುವುದು ಅಂದರಂತೆ. "ನಂದು ಮಾಯ್ತಿಲ್ಲ ಅಯ್ಯನವರೇ" ಅಂತ ಹೇಳಿ ಅಕ್ಕ ಎದ್ದು ಬಂದರು. ಮೂರು ವಾರ ಕಳೆಯಿತು. ನಾಲ್ಕನೇ ಭಾನುವಾರ ಪ್ರಕಟಣೆಗಳ ಮಧ್ಯೆ ಪಾಸ್ಟರ್ ನಾಲ್ಕು ವಾಕ್ಯ ಓದಿದರು. ಕೊನೆಯ ವಾಕ್ಯ ಬರೆದುಕೊಂಡಿದ್ದರಲ್ಲಿ ಇರಲಿಲ್ಲ. ಕಾಗದದಿಂದ ತಲೆ ಎತ್ತಿ, "ನಾನೂ ಅನುಮಾನಪಟ್ಟೆ, ತಪ್ಪಾಯಿತು" ಅಂದರು. ಅಷ್ಟು ಹೊತ್ತೂ ಅಕ್ಕ ಹಾಡಿನ ಪುಸ್ತಕದ ಬಿಚ್ಚಿಕೊಂಡಿದ್ದ ಹೊಲಿಗೆಯನ್ನು ಉಗುರಿನಿಂದ ಒಳಗೆ ತಳ್ಳುತ್ತಾ ಕೂತಿದ್ದರಂತೆ.

ಆ ವಾರವೇ ಒಬ್ಬ ವಯಸ್ಸಾದ ತಾಯಿ ಮನೆಗೆ ಬಂದು, ಬೆಂಚು ಬದಲಾಯಿಸಿದ್ದು ತಾನೇ ಎಂದು ಹೇಳಿಹೋದರು. ಬೇರೆ ಯಾರೂ ಬರಲಿಲ್ಲ. ಅದು ಅಕ್ಕನಿಗೆ ಈಗಲೂ ಬೇಸರವೇ.

ಖಜಾಂಚಿಯ ಭೇಟಿ ಇನ್ನೂ ಎರಡು ತಿಂಗಳ ಮೇಲೆ ಆಯಿತು. ಅಕ್ಕನೇ ದಿನ ಗೊತ್ತುಮಾಡಿದರು. ಆ ವಯಸ್ಸಾದ ತಾಯಿ ಜೊತೆಗೆ ಕೂತರು. ಬೇಡ ಅನಿಸಿದರೆ ಎದ್ದು ಬರಬಹುದು ಎಂದು ಮೊದಲೇ ಮಾತಾಗಿತ್ತು. ಸಭೆಯ ಮುಂದೆ ಅತ್ತ ಆ ಮನುಷ್ಯನಿಗೆ ಇಲ್ಲಿ ಅಳು ಬರಲಿಲ್ಲ. "ನಿಮ್ಮ ಹೆಸರು ಬರೀವಾಗ ಕೈ ನಡುಗ್ತಿರಲಿಲ್ಲ, ಅದೇ ಈಗ ಹೆದರಿಕೆ" ಅಂದರಂತೆ. ಅಕ್ಕನಿಗೆ ಅವರ ಮೇಲೆ ಮೊದಲ ಸಲ ಕನಿಕರ ಬಂತು. ಕ್ಷಮಿಸಿದೆ ಎಂದು ಹೇಳಿದಿರಾ ಎಂದು ನಾನು ಕೇಳಿದೆ. "ಇಲ್ಲ. ನಿದ್ದೆ ಬರುತ್ತಾ ಅಂತ ಕೇಳಿದೆ. ಅವರಿಗೂ ಬರಲ್ವಂತೆ."

ಆ ತಿಂಗಳು ಪ್ರಭು ಭೋಜನ ತೆಗೆದುಕೊಂಡರು. ತನ್ನ ಮಗನಿಗಾಗಿ ಬೇಡುತ್ತಾ, ನಂಬುತ್ತೇನೆ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು ಎಂದು ಕೂಗಿದ ತಂದೆಯೊಬ್ಬ ಮಾರ್ಕನ ಸುವಾರ್ತೆಯಲ್ಲಿ ಬರುತ್ತಾನೆ. ಸಾಲಿನಲ್ಲಿ ನಿಂತಾಗ ಆ ಮಾತೊಂದೇ ಬಾಯಿಗೆ ಬಂತಂತೆ.

ಈ ಬರಹಕ್ಕೆ ಒಪ್ಪಿಗೆಯ ಫಾರಂ ಕೊಟ್ಟಾಗ ಅಕ್ಕ ಪೂರ್ತಿ ಓದಿ, ಒಂದು ಕಾಗುಣಿತ ತಿದ್ದಿ, ಸಹಿ ಹಾಕಿದರು. ಕೆಳಗೆ ಚುಕ್ಕೆ ಇರಲಿಲ್ಲ. ನಾನು ನೋಡಿದ್ದನ್ನು ಅವರೂ ನೋಡಿದರು.

"ಅದನ್ನ ಬಿಟ್ಟೆ ಮೇಡಂ," ಅಂದರು. ಬ್ಯಾಗನ್ನು ಕಾಲ ಬಳಿ ಇಟ್ಟಿದ್ದರು. ಎತ್ತಿಕೊಳ್ಳುತ್ತಾ, "ನನಗೆ ಇದರ ಜೆರಾಕ್ಸ್ ಒಂದು ಬೇಕು" ಎಂದರು.