ಸ್ಟಾಕ್‌ಫಿಶ್, ಲೀಲಾ: ಹಳೆಯ ಲೆಕ್ಕ ಈಗ ನಡೆಯಲ್ಲ

ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂಗಳಲ್ಲಿ (ಎಂಜಿನ್‌ಗಳಲ್ಲಿ) ಟ್ಯಾಕ್ಟಿಕ್ಸ್‌ಗೆ, ಅಂದ್ರೆ ಲೆಕ್ಕ ಹಾಕಿ ಹೊಡೆಯುವ ನಡೆಗಳಿಗೆ ಸ್ಟಾಕ್‌ಫಿಶ್, ಪೊಸಿಷನ್, ಅಂದ್ರೆ ಹಲಗೆಯ ಮೇಲೆ ಕಾಯಿಗಳು ನಿಂತ ಸ್ಥಿತಿ ಅರಿಯೋಕೆ ಲೀಲಾ ಅನ್ನೋದು ಈಗಲೂ ನಿಜವಾ ಅಂತ ಕೇಳಿದ್ದೀರಿ. 2020ಕ್ಕೆ ಮುಂಚೆ ಆಗಿದ್ರೆ ಹೌದು ಅಂತಿದ್ದೆ. ಆಗ ಸ್ಟಾಕ್‌ಫಿಶ್ ಮನುಷ್ಯರು ಬರೆದಿಟ್ಟ ನಿಯಮಗಳಿಂದ ಪೊಸಿಷನ್ ಅಳೆಯುತ್ತಿತ್ತು. ಆ ವರ್ಷ ಬಂದ ಸ್ಟಾಕ್‌ಫಿಶ್ 12ರಲ್ಲಿ ಅದಕ್ಕೂ ಎನ್‌ಎನ್‌ಯುಇ ಅನ್ನೋ ಪುಟ್ಟ ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳಿಂದ ಕಲಿಯುವ ವ್ಯವಸ್ಥೆ) ಸೇರಿತು. ಅಲ್ಲಿಗೆ ಅದರ ಪೊಸಿಷನಲ್ ಆಟ ಬಲಹೀನ ಅನ್ನೋ ಮಾತು ಮುಗೀತು.

ಈಗ ಉಳಿದಿರುವ ವ್ಯತ್ಯಾಸ ನಡೆ ಹುಡುಕುವ ರೀತಿಯದ್ದು. ಸ್ಟಾಕ್‌ಫಿಶ್ ಮಾಮೂಲಿ ಕಂಪ್ಯೂಟರ್‌ನಲ್ಲೇ ಸೆಕೆಂಡಿಗೆ ಲಕ್ಷಗಟ್ಟಲೆ ಪೊಸಿಷನ್ ನೋಡುತ್ತದೆ. ಲೀಲಾ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇದ್ದರೂ ಅದರ ಸಣ್ಣ ಪಾಲು ಮಾತ್ರ ನೋಡುತ್ತದೆ, ಆದರೆ ಒಂದೊಂದನ್ನೂ ದೊಡ್ಡ ನೆಟ್‌ವರ್ಕ್‌ನಲ್ಲಿ ಹಾಕಿ ತೂಗುತ್ತದೆ. ಹಾಗಾಗಿ ರಾಣಿಯನ್ನು ಬಲಿಕೊಟ್ಟು ಎಷ್ಟೋ ನಡೆ ಆದ್ಮೇಲೆ ಮೇಟ್ ಆಗುವ ಕಡೆ, ಮೊದಲ ನಡೆಯೇ ಕೆಟ್ಟದ್ದು ಅಂತ ನೆಟ್‌ವರ್ಕ್‌ಗೆ ಅನಿಸಿಬಿಟ್ಟರೆ, ಲೀಲಾ ಆ ದಾರಿ ಹಿಡಿಯೋಕೆ ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ. ಇಲ್ಲಿ ಸ್ಟಾಕ್‌ಫಿಶ್ಶೇ ಮೇಲು, ನನಗೆ ಅನುಮಾನವೇ ಇಲ್ಲ.

ಲೀಲಾ ಚೆಂದ ಕಾಣೋದು ನಿಧಾನದ ಆಟದಲ್ಲಿ. ಒಂದು ಪಾನ್ (ಕಾಲಾಳು) ಕೊಟ್ಟಾದರೂ ಎದುರಾಳಿಯ ಕಾಯಿಗಳನ್ನು ಕಟ್ಟಿಹಾಕುತ್ತದೆ. ಅದಕ್ಕೆ ಸ್ಫೂರ್ತಿಯಾದ, ಗೂಗಲ್‌ನ ಡೀಪ್‌ಮೈಂಡ್ ಮಾಡಿದ ಆಲ್ಫಾಝೀರೋ 2017ರಲ್ಲಿ ಸ್ಟಾಕ್‌ಫಿಶ್ 8ರ ಜೊತೆ 100 ಆಟ ಆಡಿ, ಒಂದೂ ಸೋಲದೆ 28 ಗೆದ್ದಿದ್ದು ಇದೇ ಶೈಲಿಯಲ್ಲಿ ಅಲ್ವಾ.

ನೀವೇ ಪರೀಕ್ಷೆ ಮಾಡೋದಾದರೆ ಸುಮ್ನೆ ರೇಟಿಂಗ್ ನೋಡಬೇಡಿ. ಪಾನ್‌ಗಳೆಲ್ಲ ಎದುರುಬದುರು ನಿಂತು ಮುಚ್ಚಿಹೋದ ಪೊಸಿಷನ್ ಎರಡಕ್ಕೂ ಕೊಡಿ. ಎಂಜಿನ್ ಪ್ಲಸ್ 2, ಅಂದ್ರೆ ದೊಡ್ಡ ಮೇಲುಗೈ ತೋರಿಸುತ್ತಾ ಆನೆಯನ್ನು ಅತ್ತಿಂದಿತ್ತ ಓಡಾಡಿಸುತ್ತಿದ್ದರೆ ಆ ಅಂಕಿಯನ್ನು ನಂಬಬೇಡಿ, ಅಲ್ಲಿ ಒಳನುಗ್ಗೋಕೆ ದಾರಿ ಇಲ್ಲದಿರುವ ಸಾಧ್ಯತೆಯೇ ಜಾಸ್ತಿ.