ಅರ್ಜೆಂಟ್ ಏನಿಲ್ಲ, ನಾಳೆ ನೋಡಿ

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಮ್ಯಾನೇಜರೊಬ್ಬರ ಪ್ರಕರಣ ಇದು. ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ 41 ವರ್ಷ. ಊರು ಹಾಸನದ ಕಡೆ, ಕೆಲಸ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಡೆವಲಪರ್ ಆಗಿ ಸೇರಿದವರು ಹಿಂದಿನ ವರ್ಷ ಮ್ಯಾನೇಜರ್ ಆದರು. ತಂಡದ ಹೆಚ್ಚಿನವರು ಇಲ್ಲೇ ಇದ್ದಾರೆ, ಮೂವರು ಪೋಲೆಂಡಿನ ಕ್ರಾಕೋವ್‌ನಲ್ಲಿ. ಕ್ಲೈಂಟ್ ಇರುವುದು ಅಮೆರಿಕದ ಡಲ್ಲಾಸ್‌ನಲ್ಲಿ. ಎದೆ ಬಿಗಿಯುತ್ತದೆ, ನಿದ್ದೆ ಬರುವುದಿಲ್ಲ ಎಂದು ಮೊದಲು ಡಾಕ್ಟರ ಹತ್ತಿರ ಹೋಗಿದ್ದರು. ಹೃದಯದ ತೊಂದರೆ ಏನಿಲ್ಲ ಎಂದು ಖಚಿತವಾದ ಮೇಲೆ ನನ್ನ ಹತ್ತಿರ ಬಂದರು.

ಶುರುವಾದದ್ದು ಉದ್ಯೋಗಿಗಳ ಜಾಲತಾಣ ಲಿಂಕ್ಡ್‌ಇನ್‌ನ ಒಂದು ಪೋಸ್ಟ್‌ನಿಂದ. ಕೆಲಸ ಬಿಟ್ಟು ಹೋದ ಹುಡುಗನೊಬ್ಬ ಬರೆದಿದ್ದ. ರಾತ್ರಿ ಹನ್ನೊಂದಕ್ಕೆ ‘ಅರ್ಜೆಂಟ್ ಏನಿಲ್ಲ, ನಾಳೆ ನೋಡಿ’ ಎಂದು ಮೆಸೇಜ್ ಹಾಕುವವರು ಬೆಳಗ್ಗೆ ಎದ್ದು ನಾಯಕತ್ವದ ಬಗ್ಗೆ ಪಾಠ ಬರೆಯುತ್ತಾರೆ, ಅಂತ. ಹೆಸರು ಹಾಕಿರಲಿಲ್ಲ. ಅದು ಇವರ ಬಗ್ಗೆಯೇ ಎಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಾಯಿತು. ಅವರಿಗೆ ಜಾಸ್ತಿ ನೋವಾದದ್ದು ಪೋಸ್ಟ್‌ನಿಂದಲ್ಲ, ಅದಕ್ಕೆ ಲೈಕ್ ಒತ್ತಿದವರಿಂದ. ಅದರಲ್ಲಿ ಈಗಲೂ ಅವರ ಕೈಕೆಳಗೆ ಕೆಲಸ ಮಾಡುವ ಇಬ್ಬರಿದ್ದರು. ಹೊಸದಾಗಿ ಯಾರು ಸೇರಿದರು ಎಂದು ದಿನಾ ಮಧ್ಯರಾತ್ರಿ ಆ ಪಟ್ಟಿ ತೆಗೆದು ನೋಡುತ್ತಿದ್ದರು.

“ಮೇಡಂ, ನಾಳೆ ನೋಡಿ ಅಂತಲೇ ಬರೀತಿದ್ದೆ. ಈಗಲೇ ಮಾಡಿ ಅಂತ ಒಂದು ದಿನವೂ ಹೇಳಿಲ್ಲ” ಎಂದು ಅತ್ತರು.

ನಾನು ಅದನ್ನು ನಂಬಿದೆ. ಈಗಲೂ ನಂಬುತ್ತೇನೆ. ಕೆಟ್ಟ ಮನಸ್ಸಿನವರು ಅವರಲ್ಲ. ಡಲ್ಲಾಸ್‌ನಲ್ಲಿ ಮಧ್ಯಾಹ್ನ 12 ಆದಾಗ ಇಲ್ಲಿ ರಾತ್ರಿ 10.30. ನವೆಂಬರ್ ಮೊದಲ ಭಾನುವಾರ ಅಲ್ಲಿಯವರು ಗಡಿಯಾರ ಒಂದು ಗಂಟೆ ಹಿಂದಿಟ್ಟ ಮೇಲೆ 11.30. ಕ್ಲೈಂಟ್ ಊಟಕ್ಕೆ ಏಳುವ ಮುಂಚೆ ಏನೋ ಕೇಳುತ್ತಾನೆ. ಇವರು ಮರೆತುಹೋದೀತು ಎಂದು ತಕ್ಷಣ ಗ್ರೂಪಿಗೆ ಹಾಕುತ್ತಾರೆ. ತಮ್ಮ ತಲೆ ಹಗುರ ಮಾಡಿಕೊಂಡು ಮಲಗುತ್ತಾರೆ. ಆ ಭಾರ ಇನ್ನೊಬ್ಬರ ದಿಂಬಿನ ಪಕ್ಕಕ್ಕೆ ಹೋಯಿತು ಎನ್ನುವುದು ಅವರಿಗೆ ಕಂಡಿರಲಿಲ್ಲ.

ನಾನು ಒಂದು ಪ್ರಶ್ನೆ ಕೇಳಿದೆ: “ಆ ಹೊತ್ತಿಗೆ ಕ್ರಾಕೋವ್‌ನವರು ಉತ್ತರ ಕೊಡ್ತಾರಾ?”

“ಇಲ್ಲ. ಅವರು ಬೆಳಗ್ಗೆನೇ ನೋಡೋದು.”

“ನಿಮಗೆ ಬೇಜಾರಾಗುತ್ತಾ?”

“ಇಲ್ಲ. ಅವರದ್ದು ಹಾಗೇ ಅಲ್ವಾ...” ಎಂದು ಹೇಳುತ್ತಾ ಹೇಳುತ್ತಾ ನಿಲ್ಲಿಸಿದರು.

ಇಲ್ಲಿ ರಾತ್ರಿ 11 ಆದಾಗ ಅಲ್ಲಿ ಬೇಸಿಗೆಯಲ್ಲಾದರೆ ಇನ್ನೂ ಸಂಜೆ 7.30. ಆದರೂ ಅವರು ಫೋನ್ ಮುಟ್ಟುವುದಿಲ್ಲ. ಒಂದು ದಿನದ ಕೆಲಸಕ್ಕೂ ಮಾರನೆಯ ದಿನದ ಕೆಲಸಕ್ಕೂ ನಡುವೆ 11 ಗಂಟೆ ಬಿಡುವು ಇರಲೇಬೇಕು ಎನ್ನುವುದು ಯುರೋಪಿನ ನಿಯಮ. ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕದಿಂದ ದೂರ ಇರುವುದಕ್ಕೆ ಕಾನೂನಿನ ಬೆಂಬಲವೂ ಇದೆ. ನಮ್ಮಲ್ಲಿ ಅಂಥ ಆಸರೆ ಇಲ್ಲ. ಹಾಗಾಗಿ ಇಲ್ಲಿ ಗೆರೆ ಎಳೆಯುವ ಕೆಲಸ ಮ್ಯಾನೇಜರ್ ಮೇಲೇ ಬೀಳುತ್ತದೆ. ಒಂದೇ ತಂಡದಲ್ಲಿ ಕೆಲವರ ರಾತ್ರಿಗೆ ಬೆಲೆ ಇದೆ, ಕೆಲವರದ್ದಕ್ಕೆ ಇಲ್ಲ. ಇದನ್ನು ಅವರು ತಾವೇ ಕಂಡುಕೊಂಡದ್ದು ಒಳ್ಳೆಯದಾಯಿತು. ನಾನು ಹೇಳಿದ್ದರೆ ಇನ್ನೊಂದು ಟೀಕೆ ಅನ್ನಿಸುತ್ತಿತ್ತು.

ಮೇಲಿನವರಿಂದ ಬಂದ ಮೆಸೇಜನ್ನು ಕೆಳಗಿನವರು ಸುಮ್ನೆ ಓದಿ ಬಿಡಲು ಆಗುವುದಿಲ್ಲ. ಅಪ್ರೈಸಲ್, ಅಂದರೆ ಅವರ ಕೆಲಸದ ಮೌಲ್ಯಮಾಪನ, ಬರೆಯುವ ಕೈ ಅದು. ‘ನಾಳೆ ನೋಡಿ’ ಎಂದರೂ ಇವತ್ತೇ ನೋಡುತ್ತಾರೆ, ನಿದ್ದೆ ಹಾಳಾಗುತ್ತದೆ.

ನಾನು ಕೊಟ್ಟ ಸಲಹೆ ಹೀಗಿತ್ತು. ಪೋಸ್ಟಿಗೆ ಉತ್ತರ ಬರೆಯಬೇಡಿ, ಆ ಹುಡುಗನಿಗೆ ಫೋನ್ ಮಾಡಬೇಡಿ. ಲೈಕ್ ಒತ್ತಿದವರ ಹತ್ತಿರ ಆ ಮಾತೇ ಎತ್ತಬೇಡಿ, ಎತ್ತಿದರೆ ಇನ್ನು ಯಾರೂ ನಿಮ್ಮ ಮುಂದೆ ಬಾಯಿ ಬಿಡುವುದಿಲ್ಲ. ಲಿಂಕ್ಡ್‌ಇನ್ ಆ್ಯಪನ್ನು ಫೋನಿನಿಂದ ತೆಗೆಯಿರಿ, ಬೇಕಾದರೆ ಹಗಲು ಕಂಪ್ಯೂಟರಿನಲ್ಲಿ ನೋಡಿ. ರಾತ್ರಿ ಫೋನ್ ಹಾಲ್‌ನಲ್ಲಿರಲಿ. ಹದಿನೈದು ದಿನದಲ್ಲಿ ಎದೆಬಿಗಿತ ಕಡಿಮೆಯಾಗದಿದ್ದರೆ ಮನೋವೈದ್ಯರನ್ನು ನೋಡೋಣ ಎಂದೆ. ನಡುರಾತ್ರಿ ಸಹಿಸಲಾಗದೆ ಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ, 14416ಕ್ಕೆ ಫೋನ್ ಮಾಡಲು ಹೇಳಿದೆ. ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ಒಂದು ಮನೆಗೆಲಸ ಕೊಟ್ಟೆ: ಒಂದು ತಿಂಗಳಲ್ಲಿ ರಾತ್ರಿ ಎಂಟರ ನಂತರ ಕಳಿಸಿದ ಮೆಸೇಜ್‌ಗಳನ್ನೆಲ್ಲ ತೆಗೆದು, ಬೆಳಗ್ಗೆ ತನಕ ಕಾಯಲಾಗದವು ಯಾವುವು ಎಂದು ಗುರುತು ಹಾಕಿ. ಸಿಕ್ಕಿದ್ದು ಬೆರಳೆಣಿಕೆಯಷ್ಟು. ಅಂಥವಕ್ಕೆ ಸರದಿ ಪ್ರಕಾರ ಒಬ್ಬರು ಇರಲಿ, ಅವರಿಗೆ ಮೆಸೇಜ್ ಬೇಡ, ನೇರ ಫೋನ್ ಮಾಡಿ, ಮಾರನೆಯ ದಿನ ತಡವಾಗಿ ಬರಲು ಬಿಡಿ. ಉಳಿದದ್ದನ್ನು ರಾತ್ರಿಯೇ ಬರೆದಿಡಿ, ಬೆಳಗ್ಗೆ ಒಂಬತ್ತೂವರೆಗೆ ಹೋಗುವಂತೆ ಆಫೀಸಿನ ಮೆಸೇಜ್ ಆ್ಯಪ್ ಟೀಮ್ಸ್‌ನಲ್ಲೇ ಸಮಯ ಇಡಬಹುದು.

ಲಿಂಕ್ಡ್‌ಇನ್‌ನಲ್ಲಿ ಅವರೇ ಹಾಕುವ ಪೋಸ್ಟ್‌ಗಳ ವಿಷಯ ಸ್ವಲ್ಪ ಕಷ್ಟದ್ದು. ನಾಯಕರು ಎದ್ದು ಕಾಣಬೇಕು, ವಾರಕ್ಕೊಂದಾದರೂ ಬರೆಯಬೇಕು ಎಂದು ಕಂಪನಿಯೇ ಹೇಳಿತ್ತು. ಗಣೇಶನ ಹಬ್ಬದ ದಿನ ರಿಲೀಸ್ (ಸಾಫ್ಟ್‌ವೇರ್ ಬಿಡುಗಡೆ) ಇದ್ದಾಗ ಎಲ್ಲರನ್ನೂ ಕೂರಿಸಿಕೊಂಡು, ಪಿಜ್ಜಾ ತರಿಸಿ, ಫೋಟೋ ಹಾಕಿ ‘ಇದು ತಂಡವಲ್ಲ, ನನ್ನ ಕುಟುಂಬ’ ಎಂದು ಬರೆದಿದ್ದರು. ಆ ಫೋಟೋದಲ್ಲಿದ್ದ ಒಬ್ಬಳು ಊರಿಗೆ ಹೋಗಲು ರಜೆ ಕೇಳಿದ್ದಳು, ಸಿಕ್ಕಿರಲಿಲ್ಲ. ಇನ್ನು ಮೇಲೆ ಕೆಲಸದ ತಾಂತ್ರಿಕ ವಿಷಯ ಬರೆಯಿರಿ, ತಂಡದವರ ಫೋಟೋ, ಕಥೆ ಅವರನ್ನು ಕೇಳದೆ ಹಾಕಬೇಡಿ ಎಂದೆ. ಮ್ಯಾನೇಜರ್ ಕೇಳಿದರೆ ಬೇಡ ಎನ್ನುವುದೂ ಕಷ್ಟ, ಆದ್ದರಿಂದ ಆದಷ್ಟೂ ಕೇಳದಿರುವುದೇ ವಾಸಿ.

ತಂಡದ ಮುಂದೆ ಅವರು ಹೊಸ ಪದ್ಧತಿ ಹೇಳಿದರು, ಪೋಸ್ಟಿನ ಸುದ್ದಿ ಎತ್ತಲಿಲ್ಲ. ಕ್ಲೈಂಟ್ ಜೊತೆ ಮಾತಾಡಲು ಮೂರು ವಾರ ಹೆದರಿದರು. ಕೊನೆಗೆ ಹೇಳಿದಾಗ ಆತ ದಿನದ ಕಾಲ್ ಅನ್ನು ತನ್ನ ಬೆಳಗ್ಗೆ 8ಕ್ಕೆ, ಅಂದರೆ ನಮ್ಮ ಸಂಜೆ 6.30ಕ್ಕೆ ತಂದ. ರಿಲೀಸ್ ವಾರಗಳಲ್ಲಿ ಮಾತ್ರ ಆಗುವುದಿಲ್ಲ ಎಂದ.

ನಿದ್ದೆ ಈಗ ಸುಧಾರಿಸಿದೆ. ಇನ್ನೊಂದು ಸಮಸ್ಯೆ ಹಾಗೇ ಇದೆ. ಅವರ ಮೇಲಿನವರು ಈಗಲೂ ರಾತ್ರಿಯೇ ಮೆಸೇಜ್ ಹಾಕುತ್ತಾರೆ, ಇವರು ಈಗಲೂ ತಕ್ಷಣ ಉತ್ತರ ಕೊಡುತ್ತಾರೆ. ಆ ಮೇಲಿನವರಿಗೆ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಮುಂದಿನ ಭೇಟಿಯಲ್ಲಿ ಇಬ್ಬರೂ ಕೂತು ಬರೆದುಕೊಳ್ಳುತ್ತೇವೆ.