ಓದುಗರ ಪ್ರಶ್ನೆ, ನಮ್ಮ ಉತ್ತರ: ಇಗರ್ಜಿಯಲ್ಲಿ (ಚರ್ಚಿನಲ್ಲಿ) ಮಕ್ಕಳು, ಯುವಜನರು

ಪ್ರಶ್ನೆ: ಹತ್ತನೇ ತರಗತಿಯವರೆಗೆ ನಮ್ಮ ಮಕ್ಕಳು ತಪ್ಪದೆ ದೊತೊರ್ನಿಗೆ (ಧರ್ಮಬೋಧನೆಯ ತರಗತಿಗೆ) ಬರುತ್ತಾರೆ. ಪ್ಲಸ್ ವನ್ (ಹನ್ನೊಂದನೇ ತರಗತಿ) ಸೇರಿದ್ದೇ ತಡ, ಯುವಜನ ಸಂಘದ ಕಡೆ ತಲೆ ಹಾಕುವುದಿಲ್ಲ. ಕ್ರಿಕೆಟ್ ಪಂದ್ಯ, ಪಿಕ್‌ನಿಕ್ ಎಲ್ಲ ಇಟ್ಟು ನೋಡಿಯಾಯಿತು. ಇನ್ನೇನು ಮಾಡಬಹುದು?
– ಒಬ್ಬ ಗುರ್ಕಾರ್ (ಇಗರ್ಜಿಯ ವಾರ್ಡಿನ ಮುಖಂಡ), ಕುಂಬಳೆ ಸಮೀಪ

ಉತ್ತರ: ಪಂದ್ಯಕ್ಕೆಂದು ಬಂದವರು ಪಂದ್ಯ ಮುಗಿದ ಮೇಲೆ ಮನೆಗೆ ಹೋಗುತ್ತಾರೆ, ಅದರಲ್ಲಿ ಅವರ ತಪ್ಪೇನಿದೆ? ಹೆಚ್ಚಿನ ಕಡೆ ಯುವಜನರಿಗೆ ಸಿಗುವ ಕೆಲಸ ಎಂದರೆ ಹಬ್ಬಕ್ಕೆ ಕುರ್ಚಿ ಹಾಕುವುದು, ತೋರಣ ಕಟ್ಟುವುದು, ಮೊಂತಿ ಫೆಸ್ತಿಗೆ (ಮರಿಯಮ್ಮನ ಜನ್ಮದಿನದ ಹಬ್ಬಕ್ಕೆ) ಕಬ್ಬು ಹಂಚುವುದು. ಬೆಲ್ಜಿಯಂನ ಧರ್ಮಗುರು ಜೋಸೆಫ್ ಕಾರ್ಡಿನ್ 1925ರಲ್ಲಿ ದುಡಿಯುವ ಯುವಜನರ ಸಂಘಟನೆ ಕಟ್ಟಿದಾಗ ‘ನೋಡು, ವಿವೇಚಿಸು, ಮಾಡು’ ಎಂಬ ಕ್ರಮ ಹಿಡಿದರು. ಕ್ರೈಸ್ತ ವಿದ್ಯಾರ್ಥಿಗಳ ಸಂಘಟನೆಯಾದ ವೈಸಿಎಸ್‌ನ ಘಟಕಗಳು ನಡೆಯುವುದೂ ಇದೇ ಕ್ರಮದಲ್ಲಿ. ನಮ್ಮಲ್ಲಾಗುವುದೇನೆಂದರೆ, ನೋಡುವುದು, ವಿವೇಚಿಸುವುದು ಎರಡನ್ನೂ ಹಿರಿಯರ ಸಮಿತಿಯೇ ಮುಗಿಸಿ, ಮಾಡುವುದನ್ನಷ್ಟೇ ಹುಡುಗರ ತಲೆಗೆ ಕಟ್ಟುತ್ತದೆ.

ಅವರಿಗೆ ಪೂರ್ತಿ ಒಪ್ಪಿಸಬಹುದಾದ ಒಂದು ಕೆಲಸ ಹೇಳುತ್ತೇವೆ: ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮೇಲೆ ಪ್ಲಸ್ ವನ್ ಏಕಜಾಲಕ ಅರ್ಜಿಗೆ (ಹಲವು ಶಾಲೆಗಳಿಗೆ ಒಂದೇ ಆನ್‌ಲೈನ್ ಅರ್ಜಿ) ನೆರವು. ಹಿಂದಿನ ವರ್ಷ ತಾವೇ ಅರ್ಜಿ ಹಾಕಿದ ಹುಡುಗ ಹುಡುಗಿಯರಿಗಿಂತ ಇದು ಚೆನ್ನಾಗಿ ಯಾರಿಗೆ ಗೊತ್ತು? ಎರಡು ಲ್ಯಾಪ್‌ಟಾಪ್, ಒಂದು ಮೇಜು, ಮಳೆ ಬಂದರೆ ಕರೆಂಟ್ ಹೋಗುವುದರಿಂದ ಒಂದು ಇನ್ವರ್ಟರ್ ಇದ್ದರೆ ಸಾಕು. ಬರುವವರು ಎಸ್‌ಎಸ್‌ಎಲ್‌ಸಿ ರಿಜಿಸ್ಟರ್ ನಂಬರ್, ಆಧಾರ್, ಮೀಸಲಾತಿ ಇದ್ದರೆ ಪ್ರಮಾಣಪತ್ರ, ಓಟಿಪಿ ಬರುವ ಫೋನ್ ತರಬೇಕು. ಅಪ್ಪ ಗಲ್ಫಿನಲ್ಲಿದ್ದು ಅವರ ನಂಬರನ್ನೇ ಕೊಟ್ಟರೆ ಓಟಿಪಿಗಾಗಿ ಅರ್ಧ ದಿನ ಕಾಯಬೇಕಾದೀತು. ಎಡವುವುದು ಬಹುಪಾಲು ಆಯ್ಕೆಗಳ ಸರದಿಯಲ್ಲಿ. ಮೇಲಿನ ಆಯ್ಕೆ ಸಿಕ್ಕಿತೆಂದರೆ ಕೆಳಗಿನವೆಲ್ಲ ತಾವಾಗಿಯೇ ರದ್ದು. ಹಾಗಾಗಿ ನಿಜಕ್ಕೂ ಬೇಕಾದ ಶಾಲೆ, ವಿಷಯವೇ ಮೇಲಿರಬೇಕು. ಬಸ್ಸಿಲ್ಲದ ಊರಿನ ಶಾಲೆಯನ್ನು ಸುಮ್ಮನೆ ತುಂಬಿಸಬಾರದು. ಮೊದಲ ಆಯ್ಕೆಯೇ ಸಿಕ್ಕರೆ ಶುಲ್ಕ ಕಟ್ಟಿ ಖಾಯಂ ಸೇರಬೇಕು. ಕೆಳಗಿನದು ಸಿಕ್ಕರೆ ತಾತ್ಕಾಲಿಕ ಪ್ರವೇಶ ಪಡೆದು ಮೇಲಿನದಕ್ಕೆ ಕಾಯಬಹುದು. ‘ಇದು ಬೇಡ, ಮುಂದಿನದು ನೋಡೋಣ’ ಎಂದು ಮನೆಯಲ್ಲೇ ಕುಳಿತರೆ ಸರದಿಯಿಂದಲೇ ಹೊರಗೆ.

ಹಣವನ್ನೂ ಅವರ ಕೈಗೇ ಕೊಡಿ. ಮೂರು ತಿಂಗಳಿಗೆ 3,000 ರೂಪಾಯಿ, ಒಂದು ನಗದು ಪುಸ್ತಕ, ಪ್ರತಿ ಖರ್ಚಿಗೂ ಚೀಟಿ, 500 ದಾಟಿದರೆ ಇಬ್ಬರ ಒಪ್ಪಿಗೆ. ಲೆಕ್ಕವನ್ನು ಅವರೇ ಸಮಿತಿಯ ಮುಂದೆ ಓದಲಿ. ಸಭೆ ಭಾನುವಾರದ ಪೂಜೆ ಮುಗಿದ ತಕ್ಷಣ, ಮುಕ್ಕಾಲು ಗಂಟೆ ಸಾಕು. ಸಂಜೆಗಿಟ್ಟರೆ ಒಳಊರಿನ ಹುಡುಗಿಯರಿಗೆ ಹಿಂದಿರುಗಲು ಬಸ್ ಇರುವುದಿಲ್ಲ. ಅವರು ಬಾರದ್ದಕ್ಕೆ ಆಸಕ್ತಿ ಇಲ್ಲವೆಂದು ಅರ್ಥ ಹಚ್ಚುವವರು ಎಲ್ಲ ಊರಲ್ಲೂ ಇದ್ದಾರೆ.

ಪ್ರಶ್ನೆ: ನಮ್ಮ ಸಭೆಯಲ್ಲಿ ಏಪ್ರಿಲ್‌ನಲ್ಲಿ ಐದು ದಿನದ ವಿಬಿಎಸ್ (ರಜೆಯ ಬೈಬಲ್ ಶಿಬಿರ) ಮಾಡಬೇಕೆಂದಿದ್ದೇವೆ. ಸುಮಾರು 40 ಮಕ್ಕಳು, ಅರ್ಧ ಕನ್ನಡ ಮೀಡಿಯಂ, ಅರ್ಧ ಮಲಯಾಳ. ಹೇಗೆ ಹೊಂದಿಸುವುದು?
– ಸಂಡೇ ಸ್ಕೂಲ್ ಶಿಕ್ಷಕಿ, ಮಂಜೇಶ್ವರ

ಉತ್ತರ: ಮಕ್ಕಳನ್ನು ಭಾಷೆಯ ಮೇಲೆ ಬೇರ್ಪಡಿಸಬೇಡಿ, ವಯಸ್ಸಿನ ಮೇಲೆ ಮೂರು ಗುಂಪು ಮಾಡಿ. ಕಥೆಯನ್ನು ಒಂದೊಂದು ವಾಕ್ಯಕ್ಕೂ ಅನುವಾದಿಸುತ್ತ ಹೋದರೆ 15 ನಿಮಿಷದ್ದು ಅರ್ಧ ಗಂಟೆಯಾಗಿ, ಚಿಕ್ಕವರು ಜಡೆ ಎಳೆಯಲು ಶುರು ಮಾಡುತ್ತಾರೆ. ಒಂದು ಭಾಷೆಯಲ್ಲಿ ಪೂರ್ತಿ ಹೇಳಿ, ಮಕ್ಕಳಿಂದಲೇ ಅಭಿನಯ ಮಾಡಿಸಿ, ಕೊನೆಗೆ ಇನ್ನೊಂದು ಭಾಷೆಯಲ್ಲಿ ಮೂರು ವಾಕ್ಯ ಹೇಳಿ. ಮರುದಿನ ಭಾಷೆ ಅದಲು ಬದಲು. ಹಾಡು ಎರಡರಲ್ಲೂ ಇರಲಿ.

ಗುಂಪಿಗೆ ಇಬ್ಬರಂತೆ ಆರು ಮಂದಿ ದೊಡ್ಡವರು, ಹೆಚ್ಚಿಗೆ ಇಬ್ಬರು. ಯಾವ ಕೋಣೆಯಲ್ಲೂ ಒಬ್ಬರೇ ಇರಬಾರದು, ಬಾಗಿಲು ತೆರೆದಿರಬೇಕು. ಮೊದಲ ದಿನವೇ ಪುಸ್ತಕದಲ್ಲಿ ಮಗುವಿನ ಹೆಸರು, ಪೋಷಕರ ಫೋನ್, ಆಗದ ತಿಂಡಿ ಅಥವಾ ಕಾಯಿಲೆ, ಕರೆದೊಯ್ಯಲು ಬರುವವರು ಯಾರು ಎಂಬುದನ್ನು ಬರೆದುಕೊಳ್ಳಿ. ಬೆಳಿಗ್ಗೆ 9ಕ್ಕೆ ಶುರು ಮಾಡಿ 12ಕ್ಕೆ ಮುಗಿಸಿ. ಆ ಸೆಕೆಯಲ್ಲಿ ಅದಕ್ಕಿಂತ ಹೆಚ್ಚು ಎಳೆದರೆ ಮಕ್ಕಳು ಸುಸ್ತಾಗುತ್ತಾರೆ. ಕುದಿಸಿ ಆರಿಸಿದ ನೀರು ದಿನಕ್ಕೆ 25 ಲೀಟರ್ ಬೇಕು. ಬೆಲ್ಲದ ಅವಲಕ್ಕಿಗೆ 2 ಕಿಲೋ ಅವಲಕ್ಕಿ, ಒಂದು ಕಿಲೋ ಬೆಲ್ಲ, ಮೂರು ತೆಂಗಿನಕಾಯಿ ಹಿಡಿಯಿರಿ. ಆಟಕ್ಕೆ ಬಿಡುವ ಮೊದಲು ಅಂಗಳದ ಸುತ್ತ ಒಮ್ಮೆ ನಡೆದು ನೋಡಿ. ಕಟ್ಟೆಯಿಲ್ಲದ ಬಾವಿ, ಬೇಲಿಯಾಚೆಯ ಕೆಂಪುಕಲ್ಲಿನ ಕೋರೆ ನಮ್ಮ ಕಡೆ ಇದ್ದೇ ಇರುತ್ತವೆ. ಚೆಂಡು ಅತ್ತ ಉರುಳಿದರೆ ಯಾವ ಮಗುವೂ ಕೇಳಿ ಹೋಗುವುದಿಲ್ಲ.

ಪ್ರಶ್ನೆ: ನಾನು ಕಲಿಸುವ ಮಗುವೊಂದು ‘ಮನೆಗೆ ಬರುವ ಒಬ್ಬರು ಕೆಟ್ಟದಾಗಿ ಮುಟ್ಟುತ್ತಾರೆ, ಯಾರಿಗೂ ಹೇಳಬೇಡಿ’ ಎಂದಿತು. ಮೊದಲು ಪಾದ್ರಿಯವರಿಗೆ ಹೇಳಿ, ಅವರು ವಿಚಾರಿಸಲಿ ಎನ್ನುತ್ತಾರೆ ಹಿರಿಯರು.
– ಹೆಸರು ಬೇಡ, ಬದಿಯಡ್ಕ

ಉತ್ತರ: ವಿಚಾರಿಸುವುದು ಇಗರ್ಜಿಯ ಕೆಲಸವಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ, ವಿಷಯ ತಿಳಿದವರು ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂನಂತೆ ಆರು ತಿಂಗಳವರೆಗೆ ಸಜೆ, ದಂಡ ಅಥವಾ ಎರಡೂ. ಪಾದ್ರಿಯವರಿಗೆ ಹೇಳಬಹುದು, ಆದರೆ ಅಷ್ಟಕ್ಕೆ ನಿಮ್ಮ ಹೊಣೆ ತೀರುವುದಿಲ್ಲ. ದಾರಿ ತೋಚದಿದ್ದರೆ ಈಗಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಮಗುವಿಗೆ ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತು ಕೊಡಬೇಡಿ. ‘ಹೇಳಿದ್ದು ಒಳ್ಳೆಯದಾಯಿತು, ನಿನ್ನ ತಪ್ಪಲ್ಲ, ಸಹಾಯ ಮಾಡಬಲ್ಲವರಿಗೆ ಮಾತ್ರ ತಿಳಿಸುತ್ತೇನೆ’ ಎನ್ನಿ. ಮತ್ತೆ ಮತ್ತೆ ಕೇಳಬೇಡಿ. ಬೇರೆ ಬೇರೆಯವರು ಕೆದಕಿದಷ್ಟೂ ಮಗು ಹೆದರುತ್ತದೆ, ಮುಂದೆ ಅದರ ಹೇಳಿಕೆಯನ್ನೇ ಕಲಿಸಿಕೊಟ್ಟದ್ದು ಎನ್ನಲು ಎದುರಿನವರಿಗೆ ದಾರಿಯಾಗುತ್ತದೆ. ಅದು ಬಳಸಿದ ಮಾತುಗಳನ್ನೇ ಅಂದೇ ದಿನಾಂಕ, ಹೊತ್ತು ಹಾಕಿ ಬರೆದಿಡಿ. ಆ ವ್ಯಕ್ತಿಯನ್ನು ಕರೆಸಿ ಕೇಳಬೇಡಿ, ಸಾಕ್ಷ್ಯ ಅಳಿಸಲು, ಮನೆಯವರನ್ನು ಬೆದರಿಸಲು ಅವನಿಗೆ ಸಮಯ ಸಿಗುತ್ತದೆ. ಪೊಲೀಸ್ ಠಾಣೆಯ ಭಯ ಮನೆಯವರಿಗಿರುತ್ತದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಅದಕ್ಕೆ ಹಿತವಾದ ಕಡೆ, ಸಾಧ್ಯವಾದಷ್ಟೂ ಮಹಿಳಾ ಎಸ್‌ಐ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕೆಂದು ಕಾಯ್ದೆಯೇ ಹೇಳುತ್ತದೆ ಎಂದು ಅವರಿಗೆ ತಿಳಿಸಿ. ವಾಟ್ಸಾಪ್ ಗುಂಪಿನಲ್ಲಿ ಮಗುವಿನ ಹೆಸರು ಬೇಡ, ಪ್ರಾರ್ಥನೆಯ ಕೋರಿಕೆಯಾಗಿಯೂ ಬೇಡ.

ಪ್ರಶ್ನೆ: ನಮ್ಮ ಸಭಾಂಗಣದ ಉಚಿತ ಟ್ಯೂಷನ್‌ಗೆ ಹಿಂದೂ, ಮುಸ್ಲಿಂ ಮಕ್ಕಳೂ ಬರುತ್ತಾರೆ. ಪ್ರಾರ್ಥನೆಯಿಂದ ಆರಂಭಿಸಬಹುದೇ?
– ಉಪ್ಪಳದ ಓದುಗರು

ಉತ್ತರ: ಬೇಡ. ಪ್ರಾರ್ಥನೆಗೆ ಬೇರೆ ಹೊತ್ತು ಇಡಿ, ಬಯಸಿದವರು ಬರಲಿ. ಟ್ಯೂಷನ್‌ಗೆ ಅದು ಷರತ್ತೆಂದು ಒಂದು ಮನೆಗೆ ಅನಿಸಿದರೂ ಮಕ್ಕಳು ಬರುವುದು ನಿಲ್ಲುತ್ತದೆ. ಆ ಹತ್ತು ನಿಮಿಷದಲ್ಲಿ ಎಂಟನೇ ತರಗತಿಯವರಿಗೆ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯ ಅಭ್ಯಾಸ ಮಾಡಿಸಬಹುದು. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ, ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದಿದ್ದರೆ, ಆಯ್ಕೆಯಾದಲ್ಲಿ ಒಂಬತ್ತರಿಂದ ಪ್ಲಸ್ ಟುವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಮುಂಚೆಯೇ ಗ್ರಾಮ ಕಚೇರಿಯಲ್ಲಿ ಅರ್ಜಿ ಹಾಕಿಸಿ, ಕೊನೆಯ ವಾರಕ್ಕೆ ಬಿಡಬೇಡಿ.